ಮೆಫೆಂಟರ್ಮಿನ್: ಸೀಸೆಯ ಮೇಲೆ ಒಂದು ಹೆಸರು, ಮೂತ್ರದಲ್ಲಿ ಇನ್ನೊಂದು, ಕಾನೂನು ಓದುವುದು ಯಾವುದನ್ನು?

ಪ್ರಶ್ನೆ: ತಾಲೀಮು ಮಾಸ್ತರ, ಧಾರವಾಡ

ನಾನು ಧಾರವಾಡದ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಸಂಜೆ ನಮ್ಮ ಓಣಿಯ ಗರಡಿ ಮನೆಯಲ್ಲಿ ಕುಸ್ತಿ ಕಲಿಯುವ ಹುಡುಗರಿಗೆ ತಾಲೀಮು ಮಾಡಿಸುತ್ತೇನೆ. ಅವರಲ್ಲಿ ಕಾಲೇಜಿಗೆ ಹೋಗುವ ನಾಲ್ಕೈದು ಮಂದಿ ಬೆಳಿಗ್ಗೆ ಜಿಮ್ಮಿಗೂ ಹೋಗುತ್ತಾರೆ. ಕಳೆದ ವಾರ ಅಖಾಡದ ಮಣ್ಣು ಹದ ಮಾಡಿಸುತ್ತಿದ್ದಾಗ ಹಿಂದಿನ ಗೋಡೆಯ ಬುಡದಲ್ಲಿ ಬಳಸಿ ಎಸೆದ ಮೂರು ಇನ್ಸುಲಿನ್ ಸಿರಿಂಜುಗಳೂ ಒಂದು ಖಾಲಿ ಸೀಸೆಯೂ ಸಿಕ್ಕವು. ಸೀಸೆಯ ಚೀಟಿಯಲ್ಲಿ ‘ಮೆಫೆಂಟರ್ಮಿನ್ ಸಲ್ಫೇಟ್ ಚುಚ್ಚುಮದ್ದು, ಪ್ರತಿ ಮಿಲಿಲೀಟರಿಗೆ 30 ಮಿಲಿಗ್ರಾಂ, 10 ಮಿಲಿಲೀಟರ್’ ಎಂದಿತ್ತು.

ಹುಡುಗರನ್ನು ಕೂಡಿಸಿ ಕೇಳಿದಾಗ ಒಬ್ಬ, “ಇದು ಡ್ರಗ್ಸ್ ಅಲ್ಲರೀ ಮಾಸ್ತರ, ದವಾಖಾನೆಯೊಳಗ ಆಪರೇಷನ್ ಮಾಡುವಾಗ ಕೊಡೂ ಔಷಧ, ಇದಕ್ಕ ಎನ್‌ಡಿಪಿಎಸ್ ಕೇಸು ಬೀಳೂದಿಲ್ಲ” ಎಂದು ಧೈರ್ಯವಾಗಿಯೇ ಹೇಳಿದ. ಎನ್‌ಡಿಪಿಎಸ್ ಎಂದರೆ ಮಾದಕವಸ್ತುಗಳ ಮೇಲಿನ ಕಾಯ್ದೆ. ಇನ್ನೊಬ್ಬನು ಇದು ದೇಹದೊಳಗೆ ಹೋದ ಮೇಲೆ ಫೆಂಟರ್ಮಿನ್ ಆಗುತ್ತದೆಂದೂ, ಫೆಂಟರ್ಮಿನ್ ಮಾತ್ರ ಎನ್‌ಡಿಪಿಎಸ್ ಪಟ್ಟಿಯಲ್ಲಿದೆಯೆಂದೂ ಎಲ್ಲಿಯೋ ಓದಿದ್ದನು. ಇಬ್ಬರ ಮಾತೂ ನಿಜವೇ? ನಿಜವಾದರೆ ಒಂದೇ ಪದಾರ್ಥ ಸೀಸೆಯಲ್ಲಿದ್ದಾಗ ಔಷಧವಾಗಿ, ರಕ್ತಕ್ಕೆ ಇಳಿದಾಗ ನಿಷಿದ್ಧ ವಸ್ತುವಾಗುವುದು ಹೇಗೆ? ಔಷಧಶಾಸ್ತ್ರ ಬಲ್ಲವರೂ ಕಾನೂನು ಬಲ್ಲವರೂ ಇಲ್ಲಿದ್ದಾರೆಂದು ಕೇಳುತ್ತಿದ್ದೇನೆ. ಹುಡುಗರ ಮುಂದೆ ನಾನು ಅರ್ಧಂಬರ್ಧ ತಿಳಿದು ಮಾತಾಡಿದರೆ ಮರುದಿನದಿಂದ ಅವರು ನನ್ನ ಯಾವ ಮಾತನ್ನೂ ನಂಬುವುದಿಲ್ಲ.

ಉತ್ತರ 1: ಫಾರ್ಮಕಾಲಜಿ ಪಾಠದವರು, ಹುಬ್ಬಳ್ಳಿ

ಮಾಸ್ತರರೇ, ನಿಮ್ಮ ಎರಡನೆಯ ಹುಡುಗ ಸರಿಯಾಗಿಯೇ ಓದಿದ್ದಾನೆ. ಕಾನೂನಿನ ಮಾತನ್ನು ವಕೀಲರಿಗೆ ಬಿಟ್ಟು ನಾನು ಅಣುವಿನ ಮಾತನ್ನಷ್ಟೇ ಹೇಳುತ್ತೇನೆ.

ಫೆನೆಥೈಲಮೀನ್ ಎನ್ನುವುದು ಒಂದು ದೊಡ್ಡ ಮನೆತನ. ಒಂದು ಬೆಂಜೀನ್ ಉಂಗುರ, ಅದಕ್ಕೆ ಅಂಟಿದ ಎರಡು ಇಂಗಾಲಗಳ ಸಣ್ಣ ಬಾಲ, ಬಾಲದ ತುದಿಯಲ್ಲಿ ಒಂದು ಸಾರಜನಕ. ಇಷ್ಟೇ ಆ ಮನೆತನದ ಚಹರೆ. ನಮ್ಮ ದೇಹವೇ ತಯಾರಿಸುವ ಡೋಪಮೀನ್, ನಾರ್‌ಅಡ್ರಿನಲೀನ್, ಅಡ್ರಿನಲೀನ್ ಈ ಮನೆತನದವೇ. ಸಾರಜನಕದ ಪಕ್ಕದ ಇಂಗಾಲಕ್ಕೆ ಒಂದು ಮೆಥೈಲ್ ಗುಂಪು (ಒಂದು ಇಂಗಾಲ, ಮೂರು ಜಲಜನಕ) ಸೇರಿಸಿದರೆ ಆಂಫೆಟಮಿನ್ ಎಂಬ ಉತ್ತೇಜಕ ಆಗುತ್ತದೆ. ಅದೇ ಇಂಗಾಲಕ್ಕೆ ಎರಡು ಮೆಥೈಲ್ ಸೇರಿದರೆ ಫೆಂಟರ್ಮಿನ್. ಫೆಂಟರ್ಮಿನ್ನಿನ ಸಾರಜನಕಕ್ಕೂ ಇನ್ನೊಂದು ಮೆಥೈಲ್ ಕೂಡಿದರೆ ಅದೇ ನಿಮ್ಮ ಸೀಸೆಯಲ್ಲಿದ್ದ ಮೆಫೆಂಟರ್ಮಿನ್. ಹೆಸರನ್ನು ಬಿಡಿಸಿ ಓದಿದರೂ ಸಾಕು, ಮೆಥೈಲ್ ಹಚ್ಚಿದ ಫೆಂಟರ್ಮಿನ್ ಎಂದೇ ಅರ್ಥ. ಇಲ್ಲೊಂದು ಸ್ವಾರಸ್ಯವಿದೆ. ಫೆಂಟರ್ಮಿನ್ನಿನಲ್ಲಿ 10 ಇಂಗಾಲ, 15 ಜಲಜನಕ, 1 ಸಾರಜನಕಗಳಿವೆ, ಮೆಥಾಂಫೆಟಮಿನ್ ಎಂಬ ಮಾದಕವಸ್ತುವಿನಲ್ಲಿಯೂ ಲೆಕ್ಕ ತಪ್ಪದೆ ಅಷ್ಟೇ ಇವೆ. ಒಂದು ಮೆಥೈಲ್ ಕುಳಿತ ಜಾಗ ಮಾತ್ರ ಬೇರೆ. ಆ ಒಂದು ಜಾಗದ ವ್ಯತ್ಯಾಸದಿಂದ ಒಂದು ತೂಕ ಇಳಿಸುವ ಗುಳಿಗೆಯಾಯಿತು, ಇನ್ನೊಂದು ಜಗತ್ತಿಗೇ ತಲೆನೋವಾಯಿತು.

ಮೆಫೆಂಟರ್ಮಿನ್ ಹೃದಯದ ಬಾಗಿಲನ್ನು ನೇರವಾಗಿ ಬಡಿಯುವ ಔಷಧವಲ್ಲ. ಅದು ಅನುಕಂಪ ನರಗಳ (ಹೃದಯವನ್ನು ಚುರುಕುಗೊಳಿಸಿ ರಕ್ತನಾಳಗಳನ್ನು ಬಿಗಿಗೊಳಿಸುವ ನರಗಳ) ತುದಿಯೊಳಗೆ ನುಗ್ಗಿ, ಅಲ್ಲಿ ಚೀಲಗಳಲ್ಲಿ ಕೂಡಿಟ್ಟ ನಾರ್‌ಅಡ್ರಿನಲೀನನ್ನು ಹೊರಗೆ ತಳ್ಳುತ್ತದೆ. ಹೊರಬಂದ ನಾರ್‌ಅಡ್ರಿನಲೀನ್ ಹೃದಯದ ಬಡಿತದ ಬಲವನ್ನು ಹೆಚ್ಚಿಸುತ್ತದೆ, ರಕ್ತದೊತ್ತಡ ಏರುತ್ತದೆ. ಅಂದರೆ ಅದು ಖರ್ಚು ಮಾಡುವುದು ನಮ್ಮದೇ ಕಣಜದ ಕಾಳನ್ನು. ಕಣಜ ಬರಿದಾದ ಮೇಲೆ ಅಷ್ಟೇ ಔಷಧಕ್ಕೆ ಅಷ್ಟೇ ಪರಿಣಾಮ ಬರುವುದಿಲ್ಲ. ಇದನ್ನು ನಾವು ಟ್ಯಾಕಿಫಿಲಾಕ್ಸಿಸ್ ಎನ್ನುತ್ತೇವೆ. ಜಿಮ್ಮಿನ ಹುಡುಗ “ಮೊದಲಿನಷ್ಟು ಹತ್ತುವುದಿಲ್ಲ” ಎಂದು ಪ್ರಮಾಣ ಏರಿಸುತ್ತ ಹೋಗುವುದಕ್ಕೆ ಒಂದು ಕಾರಣ ಇಲ್ಲಿದೆ. ಹೀಗೆ ಏರಿಸುವಾಗ ಅವನಿಗೆ ಹುಮ್ಮಸ್ಸು ಏರದಿದ್ದರೂ ಹೃದಯದ ಮೇಲಿನ ಹೊರೆ ಏರುತ್ತಲೇ ಇರುತ್ತದೆ.

ಮಿದುಳಿನ ಮಾತು ಇದಕ್ಕಿಂತ ಮುಖ್ಯವಾದದ್ದು. ಎಫೆಡ್ರಿನ್ ಎಂಬ ಹಳೆಯ ಔಷಧದ ಬಾಲದಲ್ಲಿ ಒಂದು ಹೈಡ್ರಾಕ್ಸಿಲ್ ಗುಂಪಿದೆ (ಒಂದು ಆಮ್ಲಜನಕ, ಒಂದು ಜಲಜನಕ), ಆದ್ದರಿಂದ ಅದು ಮಿದುಳಿನ ಕೊಬ್ಬಿನ ತಡೆಗೋಡೆಯನ್ನು ದಾಟಲು ಸ್ವಲ್ಪ ಹೆಣಗುತ್ತದೆ. ಮೆಫೆಂಟರ್ಮಿನ್ನಿನಲ್ಲಿ ಆ ಗುಂಪಿಲ್ಲ, ಆದ್ದರಿಂದ ಅದು ಸಲೀಸಾಗಿ ಒಳಗೆ ಹೋಗುತ್ತದೆ. ಎರಡು ಮೆಥೈಲುಗಳ ರಕ್ಷಣೆಯಿರುವುದರಿಂದ ಮೊನೊಅಮೀನ್ ಆಕ್ಸಿಡೇಸ್ ಎಂಬ ಕಿಣ್ವ ಅದನ್ನು ಒಡೆಯಲಾರದು. ಯಕೃತ್ತು ಸಾರಜನಕದ ಮೇಲಿನ ಮೆಥೈಲನ್ನು ಕಿತ್ತುಹಾಕುತ್ತದೆ. ಕಿತ್ತಮೇಲೆ ಉಳಿಯುವುದೇನೆಂದು ಮೇಲೆ ಹೇಳಿದ ಲೆಕ್ಕದಿಂದಲೇ ತಿಳಿಯುತ್ತದೆ: ಫೆಂಟರ್ಮಿನ್. ಅದೂ ಜಡವಸ್ತುವಲ್ಲ, ತಾನೂ ಹಸಿವು ಅಡಗಿಸಿ ನಿದ್ದೆಗೆಡಿಸುವ ಉತ್ತೇಜಕವೇ.

ಇದರ ದುರ್ಬಳಕೆ ನಮ್ಮ ಕಾಲದ ಜಿಮ್ಮುಗಳು ಕಂಡುಹಿಡಿದದ್ದಲ್ಲ. ಅಮೆರಿಕದಲ್ಲಿ ಮೂಗು ಕಟ್ಟಿದವರಿಗಾಗಿ ಇದನ್ನು ಇನ್‌ಹೇಲರ್ ಆಗಿ ಮಾರುತ್ತಿದ್ದ ಕಾಲವೊಂದಿತ್ತು. ಅದನ್ನು ದುರ್ಬಳಕೆ ಮಾಡಿ ಬುದ್ಧಿಭ್ರಮಣೆಗೆ ಒಳಗಾದವರ ವರದಿ 1970ರಲ್ಲಿಯೇ ಅಲ್ಲಿನ ಮನೋವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಯಾರೋ ಬೆನ್ನು ಹತ್ತಿದ್ದಾರೆ, ಯಾರೋ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎಂಬ ಗುಮಾನಿ ಅದರ ಮುಖ್ಯ ಲಕ್ಷಣ. ನಮ್ಮ ದೇಶದ ವೈದ್ಯಕೀಯ ಬರಹಗಳಲ್ಲಿಯೂ ಈಗ ಅವಲಂಬನೆಯ, ಭ್ರಮೆಯ, ಹಿಗ್ಗಿ ಸೋತ ಹೃದಯದ ಪ್ರಕರಣಗಳು ದಾಖಲಾಗಿವೆ. ಸ್ನಾಯು ಬೆಳೆಸುವ ಗುಣವಂತೂ ಈ ಔಷಧಕ್ಕೆ ಇಲ್ಲ. ದಣಿವಿನ ಸುದ್ದಿಯನ್ನು ಅದು ತಡೆಹಿಡಿಯುತ್ತದೆಯೇ ಹೊರತು ದಣಿವನ್ನಲ್ಲ.

ಉತ್ತರ 2: ಅರಿವಳಿಕೆ ವೃತ್ತಿಯವರು, ಗದಗ

ಈ ಔಷಧವನ್ನು ದಿನಾಲೂ ಕೈಯಲ್ಲಿ ಹಿಡಿಯುವವನಾಗಿ ಎರಡು ಮಾತು ಸೇರಿಸುತ್ತೇನೆ. ಹೆರಿಗೆಯ ಶಸ್ತ್ರಚಿಕಿತ್ಸೆಗಾಗಿ ಬೆನ್ನಿಗೆ ಸೂಜಿ ಕೊಟ್ಟಾಗ ಸೊಂಟದ ಕೆಳಗಿನ ಅನುಕಂಪ ನರಗಳೂ ಮಲಗಿಬಿಡುತ್ತವೆ, ರಕ್ತನಾಳಗಳು ಸಡಿಲವಾಗುತ್ತವೆ, ತಾಯಿಯ ರಕ್ತದೊತ್ತಡ ಕೆಲವೇ ನಿಮಿಷಗಳಲ್ಲಿ ಕುಸಿಯುತ್ತದೆ. ಆಗ ನಾವು ಮೆಫೆಂಟರ್ಮಿನ್ನನ್ನು ನೀರಿನಲ್ಲಿ ತೆಳುಗೊಳಿಸಿ, ಕೆಲವೇ ಮಿಲಿಗ್ರಾಮಿನಂತೆ, ಮಾನಿಟರಿನ ಅಂಕಿಯನ್ನು ನೋಡುತ್ತ ಕೊಡುತ್ತೇವೆ. ರಕ್ತನಾಳಕ್ಕೆ ಕೊಟ್ಟರೆ ಪರಿಣಾಮ ತಕ್ಷಣ ಶುರುವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಸ್ನಾಯುವಿಗೆ ಕೊಟ್ಟರೆ ಅದು ಕೆಲವು ಗಂಟೆ ಎಳೆಯಬಹುದು. ಈಗ ಇದೇ ಕೆಲಸಕ್ಕೆ ಫಿನೈಲೆಫ್ರಿನ್ ಎಂಬ ಬೇರೆ ಔಷಧ ಬಳಸುವವರು ಹೆಚ್ಚುತ್ತಿದ್ದಾರೆ, ಆದರೂ ನಮ್ಮ ಕಡೆಯ ಅನೇಕ ಆಪರೇಷನ್ ಥಿಯೇಟರುಗಳ ಟ್ರೇಯಲ್ಲಿ ಇದು ಇನ್ನೂ ಇದೆ.

ನೀವು ಹೇಳಿದ ಸೀಸೆಯಲ್ಲಿ ಒಟ್ಟು 300 ಮಿಲಿಗ್ರಾಂ ಇರುತ್ತದೆ. ಅದು ಹಲವು ರೋಗಿಗಳಿಗೆ ಸಾಲುವಷ್ಟು. ಕುಸಿದ ಒತ್ತಡವನ್ನು ಮೇಲೆತ್ತಲು ಇರುವ ಔಷಧವನ್ನು ಸರಿಯಾದ ಒತ್ತಡವಿರುವ ಹುಡುಗ, ಅದೂ ಭಾರ ಎತ್ತಿ ಉಸಿರು ಬಿಗಿಹಿಡಿಯುವ ಹೊತ್ತಿನಲ್ಲಿ ತೆಗೆದುಕೊಂಡರೆ ಮಿದುಳಿನ ರಕ್ತನಾಳ ಒಡೆಯುವ ಭಯವಿದೆ, ಹೃದಯದ ಲಯ ತಪ್ಪುವ ಭಯವೂ ಇದೆ. ಎದೆನೋವು, ಸಿಡಿಯುವಂಥ ತಲೆನೋವು, ಒಂದು ಕಡೆ ಬಲ ಕಡಿಮೆಯಾಗುವುದು, ಅಸಂಬದ್ಧ ಮಾತು, ಇವುಗಳಲ್ಲಿ ಯಾವುದು ಕಂಡರೂ ಹುಡುಗನನ್ನು ಮಲಗಿಸಿ ನೋಡೋಣ ಎನ್ನಬೇಡಿರಿ. 108ಕ್ಕೆ ಕರೆಮಾಡಿ, ಏನು ಚುಚ್ಚಿಕೊಂಡಿದ್ದಾನೆಂಬುದನ್ನು ಮುಚ್ಚಿಡದೆ ಹೇಳಿರಿ. ಖಿನ್ನತೆಗಾಗಿ ಕೊಡುವ ಕೆಲವು ಹಳೆಯ ಮಾತ್ರೆಗಳ ಜೊತೆ ಇದು ಸೇರಿದರೆ ಒತ್ತಡ ಮಿತಿಮೀರಿ ಏರುತ್ತದೆ, ಆದ್ದರಿಂದ ಬೇರೆ ಮಾತ್ರೆಗಳ ವಿಷಯವನ್ನೂ ಹೇಳಬೇಕು.

ಸಿರಿಂಜು ಮೂರು ಸಿಕ್ಕವು, ಸೀಸೆ ಒಂದೇ ಎಂದಿದ್ದೀರಿ. ಒಂದೇ ಸೀಸೆಗೆ ಹಲವರು ಸೂಜಿ ಹಾಕಿದರೆ ಸೂಜಿ ಬೇರೆಬೇರೆಯಾಗಿದ್ದರೂ, ಒಬ್ಬನು ಬಳಸಿದ ಸೂಜಿಯನ್ನೇ ಮತ್ತೆ ಅದ್ದಿದನೆಂದರೆ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಉಳಿದವರಿಗೂ ದಾಟಬಹುದು. ಅವರೆಲ್ಲರ ರಕ್ತಪರೀಕ್ಷೆ ಒಮ್ಮೆ ಆಗಲಿ.

ಉತ್ತರ 3: ಕರಿ ಕೋಟಿನವರು, ಧಾರವಾಡ ಹೈಕೋರ್ಟ್ ಪೀಠ

ನಿಮ್ಮ ಮೊದಲನೆಯ ಹುಡುಗನದು ಅರ್ಧ ಸತ್ಯ. ಅರ್ಧ ಸತ್ಯ ಹೇಳುವ ಕಕ್ಷಿದಾರನನ್ನು ಕಂಡರೆ ನಮಗೆ ಪೂರ್ತಿ ಸುಳ್ಳು ಹೇಳುವವನಿಗಿಂತ ಹೆಚ್ಚು ಅಂಜಿಕೆ.

1985ರ ಎನ್‌ಡಿಪಿಎಸ್ ಕಾಯ್ದೆ ಅಮಲನ್ನು ನೋಡಿ ಅಪರಾಧವನ್ನು ನಿರ್ಧರಿಸುವುದಿಲ್ಲ, ಪಟ್ಟಿಯನ್ನು ನೋಡಿ ನಿರ್ಧರಿಸುತ್ತದೆ. ಅದರ 2ನೆಯ ಕಲಮಿನ ವ್ಯಾಖ್ಯೆಯ ಪ್ರಕಾರ ಮನೋಪರಿಣಾಮಕಾರಿ ವಸ್ತು ಎಂದರೆ ಕಾಯ್ದೆಗೆ ಅಂಟಿಸಿದ ಅನುಸೂಚಿಯಲ್ಲಿ ಹೆಸರಿರುವ ವಸ್ತು, ಅದರ ಲವಣ ಮತ್ತು ಅದರಿಂದ ಮಾಡಿದ ತಯಾರಿಕೆ. ಫೆಂಟರ್ಮಿನ್ನಿನ ಹೆಸರು ಆ ಅನುಸೂಚಿಯಲ್ಲಿದೆ. 1971ರ ವಿಶ್ವಸಂಸ್ಥೆಯ ಒಡಂಬಡಿಕೆಯ ನಾಲ್ಕನೆಯ ಪಟ್ಟಿಯಲ್ಲಿಯೂ ಇದೆ. ನಾನು ಓದಿರುವ ಅನುಸೂಚಿಯಲ್ಲಿ ಮೆಫೆಂಟರ್ಮಿನ್ನಿನ ಹೆಸರಿಲ್ಲ. ಅದು ಫೆಂಟರ್ಮಿನ್ನಿನ ಲವಣವೂ ಅಲ್ಲ, ಮೇಲೆ ಪ್ರಾಧ್ಯಾಪಕರು ತೋರಿಸಿದಂತೆ ಒಂದು ಮೆಥೈಲ್ ಹೆಚ್ಚಿರುವ ಬೇರೆಯದೇ ಅಣು. ಅಮೆರಿಕದಲ್ಲಿ 1986ರಿಂದ, ಪಟ್ಟಿಯ ಕೆಲವು ವಸ್ತುಗಳಿಗೆ ರಚನೆಯಲ್ಲಿಯೂ ಪರಿಣಾಮದಲ್ಲಿಯೂ ಹತ್ತಿರವಾದವನ್ನೂ ಹಿಡಿಯುವ ಪ್ರತ್ಯೇಕ ಕಾಯ್ದೆಯಿದೆ. ನಮ್ಮಲ್ಲಿ ಅಂಥ ಸಾಮಾನ್ಯ ಕಾಯ್ದೆಯಿಲ್ಲ. ಆದರೆ 3ನೆಯ ಕಲಮಿನ ಪ್ರಕಾರ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ ಯಾವ ದಿನವಾದರೂ ಹೆಸರನ್ನು ಸೇರಿಸಬಹುದು. ಆದ್ದರಿಂದ ಈ ಉತ್ತರವನ್ನು ವರುಷಗಟ್ಟಲೆ ಇಟ್ಟುಕೊಂಡು ಓದಬೇಡಿರಿ, ಗೆಜೆಟ್ ನೋಡಿರಿ.

ಎನ್‌ಡಿಪಿಎಸ್ ಇಲ್ಲವೆಂದರೆ ಕಾನೂನೇ ಇಲ್ಲವೆಂದಲ್ಲ. ಮೆಫೆಂಟರ್ಮಿನ್ 1945ರ ಔಷಧ ನಿಯಮಗಳ ಎಚ್ ಅನುಸೂಚಿಯ ಔಷಧ. ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಚಿಲ್ಲರೆಯಾಗಿ ಅದನ್ನು ಮಾರುವಂತಿಲ್ಲವೆಂದು 65ನೆಯ ನಿಯಮ ಹೇಳುತ್ತದೆ. ಇನ್ನು ಜಿಮ್ಮಿನ ಬ್ಯಾಗಿನಲ್ಲಿ ಹತ್ತು ಸೀಸೆ ಇಟ್ಟುಕೊಂಡು ಗೆಳೆಯರಿಗೆ ಹಂಚುವವನ ಸಂಗತಿ ಬೇರೆ. ಅವನಿಗೆ ಪರವಾನಗಿಯೇ ಇರುವುದಿಲ್ಲ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ 18ನೆಯ ಕಲಮು ಪರವಾನಗಿಯಿಲ್ಲದೆ ಮಾರುವುದನ್ನಷ್ಟೇ ಅಲ್ಲ, ಮಾರಲು ಸಂಗ್ರಹಿಸಿಡುವುದನ್ನೂ ಹಂಚುವುದನ್ನೂ ತಡೆಯುತ್ತದೆ. 27ನೆಯ ಕಲಮಿನಲ್ಲಿ ಅದಕ್ಕೆ ಕನಿಷ್ಠ 3 ವರ್ಷ, ಗರಿಷ್ಠ 5 ವರ್ಷ ಜೈಲು, ಜೊತೆಗೆ ಕನಿಷ್ಠ 1 ಲಕ್ಷ ರೂಪಾಯಿ ಅಥವಾ ಜಪ್ತಾದ ಮಾಲಿನ ಬೆಲೆಯ ಮೂರು ಪಟ್ಟು, ಯಾವುದು ಹೆಚ್ಚೋ ಅಷ್ಟು ದಂಡ. “ನಾನು ಲಾಭ ಇಟ್ಟುಕೊಂಡಿಲ್ಲ, ಗೆಳೆಯರಿಗೆ ತಂದುಕೊಟ್ಟೆ” ಎನ್ನುವವನು ಹಂಚುವುದು ಎಂಬ ಆ ಶಬ್ದವನ್ನು ಎರಡು ಸಲ ಓದಲಿ. ತನಗಾಗಿಯೇ ಕೊಂಡು ಬಳಸಿದವನನ್ನು ಶಿಕ್ಷಿಸುವುದು ಈ ಕಾಯ್ದೆಯ ಗುರಿಯಲ್ಲ.

ಹಾಗಾದರೆ ಹುಡುಗರು ಕೇಸು ಬೀಳುವುದನ್ನು ಕಂಡಿಲ್ಲವೇಕೆ? ಕಾರಣ ಕಾನೂನಿನ ದಯೆಯಲ್ಲ, ಕಾರ್ಯವಿಧಾನ. ಈ ಕಾಯ್ದೆಯ ನಾಲ್ಕನೆಯ ಅಧ್ಯಾಯದ ಅಪರಾಧಗಳಿಗೆ ಪೊಲೀಸರು ತಾವಾಗಿ ಎಫ್‌ಐಆರ್ ದಾಖಲಿಸಿ ತನಿಖೆ ಮಾಡುವಂತಿಲ್ಲ, ಆ ಕೆಲಸ ಔಷಧ ನಿರೀಕ್ಷಕರದ್ದು ಎಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪಿತ್ತಿದೆ. ನಿರೀಕ್ಷಕರು ನ್ಯಾಯಾಲಯಕ್ಕೆ ದೂರು ಸಲ್ಲಿಸಬೇಕು, ವಿಚಾರಣೆ ಸೆಷನ್ಸ್ ನ್ಯಾಯಾಲಯದಲ್ಲಿ ನಡೆಯಬೇಕು. ಠಾಣೆಯ ಜೀಪು ಓಣಿಗೆ ಬರುವುದಿಲ್ಲವಾದ್ದರಿಂದ ಓಣಿಗೆ ಸುದ್ದಿಯಾಗುವುದಿಲ್ಲ. ನೀವು ದೂರು ಕೊಡುವುದಾದರೆ ಠಾಣೆಯ ಜೊತೆಗೆ ಧಾರವಾಡ ಜಿಲ್ಲೆಯ ಔಷಧ ನಿರೀಕ್ಷಕರಿಗೂ ಕೊಡಿರಿ. ಸೀಸೆಯ ಮೇಲಿನ ಬ್ಯಾಚ್ ಸಂಖ್ಯೆ ಅಳಿಸದಂತೆ ನೋಡಿಕೊಳ್ಳಿರಿ, ಯಾವ ಸಗಟು ವ್ಯಾಪಾರಿಯಿಂದ ಅದು ಹೊರಬಿತ್ತೆಂಬ ಜಾಡು ಅದರಲ್ಲಿದೆ.

ಮರುಪ್ರಶ್ನೆ: ತಾಲೀಮು ಮಾಸ್ತರ, ಧಾರವಾಡ

ಮೂವರಿಗೂ ನಮಸ್ಕಾರ. ವಕೀಲರೇ, ಒಂದು ಗಂಟು ಉಳಿಯಿತು. ಮೆಫೆಂಟರ್ಮಿನ್ ತೆಗೆದುಕೊಂಡ ಹುಡುಗನ ಮೂತ್ರ ಪರೀಕ್ಷೆ ಮಾಡಿದರೆ ಅಲ್ಲಿ ಸಿಗುವುದು ಫೆಂಟರ್ಮಿನ್. ಅದು ಪಟ್ಟಿಯಲ್ಲಿರುವ ವಸ್ತು. ಪಟ್ಟಿಯಲ್ಲಿರುವುದನ್ನು ಸೇವಿಸಿದ್ದಕ್ಕೆ ಎನ್‌ಡಿಪಿಎಸ್‌ನ 27ನೆಯ ಕಲಮಿನಲ್ಲಿ ಶಿಕ್ಷೆಯಿದೆಯೆಂದು ಕೇಳಿದ್ದೇನೆ. ಆಗ ಅವನು ಸೇವಿಸದೆ ಇದ್ದ ವಸ್ತುವಿಗಾಗಿ ಸಿಕ್ಕಿಬೀಳುತ್ತಾನೆಯೇ? ಇನ್ನೊಂದು, ನಮ್ಮ ಹುಡುಗರಲ್ಲಿ ಇಬ್ಬರು ರಾಜ್ಯಮಟ್ಟದ ಕುಸ್ತಿಗೆ ಹೋಗುವವರಿದ್ದಾರೆ.

ಉತ್ತರ 4: ಕರಿ ಕೋಟಿನವರು, ಧಾರವಾಡ ಹೈಕೋರ್ಟ್ ಪೀಠ

27ನೆಯ ಕಲಮು ಶಿಕ್ಷಿಸುವುದು ಸೇವನೆಯನ್ನು; ಮೂತ್ರದಲ್ಲಿರುವ ವಸ್ತು ಸೇವನೆಗೆ ಸಾಕ್ಷಿ ಮಾತ್ರ, ಅದೇ ಅಪರಾಧವಲ್ಲ. ಯಕೃತ್ತು ತಯಾರಿಸಿದ್ದನ್ನು ಹುಡುಗ ಸೇವಿಸಿದನೆಂದು ಹೇಳಲಾಗದೆಂದು ನಾನಾದರೆ ವಾದಿಸುತ್ತೇನೆ, ವಾದ ನಿಲ್ಲುತ್ತದೆಂದೂ ನಂಬಿದ್ದೇನೆ. ಆದರೆ ವಾದ ನಿಲ್ಲಿಸಲು ಮೊದಲು ನ್ಯಾಯಾಲಯದವರೆಗೆ ಹೋಗಬೇಕಲ್ಲ! ಅಷ್ಟರಲ್ಲಿ ಹುಡುಗನ ಒಂದು ವರ್ಷದ ಓದು ಹೋಗಿರುತ್ತದೆ.

ಕುಸ್ತಿಯ ಹುಡುಗರಿಗೆ ಈ ವಾದ ಒಂದು ಕ್ಷಣವೂ ಕೆಲಸಕ್ಕೆ ಬರುವುದಿಲ್ಲ. ವಿಶ್ವ ಉದ್ದೀಪನ (ಡೋಪಿಂಗ್) ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯ ಎಸ್6 ಎಂಬ ಉತ್ತೇಜಕಗಳ ವಿಭಾಗದಲ್ಲಿ ಮೆಫೆಂಟರ್ಮಿನ್, ಫೆಂಟರ್ಮಿನ್ ಎರಡೂ ಹೆಸರು ಹಿಡಿದು ನಮೂದಾಗಿವೆ. ಸ್ಪರ್ಧೆಯ ಅವಧಿಯಲ್ಲಿ ಮಾದರಿಯಲ್ಲಿ ಸಿಕ್ಕರೆ ಸಾಕು, ಒಳಗೆ ಹೇಗೆ ಬಂತೆಂದು ವಿವರಿಸುವ ಹೊಣೆ ಕ್ರೀಡಾಪಟುವಿನದೇ. ಉದ್ದೇಶಪೂರ್ವಕವಲ್ಲವೆಂದು ಅವನು ತೋರಿಸದಿದ್ದರೆ ಮೊದಲ ತಪ್ಪಿಗೇ 4 ವರ್ಷ ನಿಷೇಧ. ನಮ್ಮಲ್ಲಿ ಇದಕ್ಕೆ 2022ರ ರಾಷ್ಟ್ರೀಯ ಉದ್ದೀಪನ ತಡೆ ಕಾಯ್ದೆಯ ಬೆಂಬಲವೂ ಇದೆ. ದಂಡಸಂಹಿತೆಯ ಲೋಕದಲ್ಲಿ ಎರಡು ಹೆಸರುಗಳ ನಡುವೆ ಇರುವ ಸಂದು ಕ್ರೀಡೆಯ ಲೋಕದಲ್ಲಿ ಇಲ್ಲ.

ಉತ್ತರ 5: ಪ್ರಯೋಗಶಾಲೆಯವರು, ಹಾವೇರಿ

ನಾನು ಈ ಚರ್ಚೆಯನ್ನು ಓದಿ ಸುಮ್ಮನಿರಬೇಕೆಂದಿದ್ದೆ, ಆದರೆ ಮೂತ್ರದ ಮಾತು ಬಂದದ್ದರಿಂದ ಬರೆಯಬೇಕಾಯಿತು. ಮೂತ್ರದಲ್ಲಿ ಅದ್ದಿ ನೋಡುವ ಕಾಗದದ ಪಟ್ಟಿಯ ಪರೀಕ್ಷೆಯನ್ನೇ ಕೊನೆಯ ಮಾತೆಂದು ಯಾರೂ ಹಿಡಿಯಬಾರದು. ಆಂಫೆಟಮಿನ್ನಿಗಾಗಿ ಇರುವ ಆ ಪರೀಕ್ಷೆಗಳಲ್ಲಿ ಕೆಲವು ಫೆಂಟರ್ಮಿನ್ನನ್ನು ಕಂಡೂ ಆಂಫೆಟಮಿನ್ ಎಂದೇ ಕೂಗುತ್ತವೆ, ಏಕೆಂದರೆ ಅವು ಗುರುತಿಸುವುದು ಅಣುವಿನ ಮುಖದ ಒಂದು ಭಾಗವನ್ನಷ್ಟೇ. ಯಾವ ವಸ್ತುವೆಂದು ಖಚಿತವಾಗಿ ಹೇಳಬೇಕಾದರೆ ಅನಿಲ ವರ್ಣರೇಖನ ಮತ್ತು ದ್ರವ್ಯರಾಶಿ ರೋಹಿತಮಾಪನ ಕೂಡಿದ, ವಸ್ತುಗಳನ್ನು ಬೇರ್ಪಡಿಸಿ ಒಡೆದು ಗುರುತಿಸುವ ಯಂತ್ರ ಬೇಕು. ಅಲ್ಲಿ ಪ್ರತಿಯೊಂದು ಅಣುವೂ ಒಡೆದು ಬೀಳುವ ತುಂಡುಗಳ ಗುರುತು ಬೇರೆಯಿರುತ್ತದೆ.

ಇದಕ್ಕಿಂತ ತಮಾಷೆಯ ಸಂಗತಿಯೊಂದಿದೆ. ಹೊಟ್ಟೆ ಉರಿಗೆ ಕುಡಿಯುವ ಕೆಲವು ಗುಲಾಬಿ ಬಣ್ಣದ ಜೆಲ್ಲುಗಳಲ್ಲಿ ಆಮ್ಲ ತಗ್ಗಿಸುವ ಖನಿಜಗಳ ಜೊತೆಗೆ ಆಕ್ಸೆಟಕೇನ್ ಎಂಬ, ಜಠರದ ಒಳಪದರವನ್ನು ಜುಮ್ಮೆನಿಸುವ ವಸ್ತುವೂ ಇರುತ್ತದೆ. ಆಕ್ಸೆಟಕೇನಿನ ಅಣುವಿನಲ್ಲಿ ಮೆಫೆಂಟರ್ಮಿನ್ನಿನ ಎರಡು ತುಂಡುಗಳು ಹುದುಗಿವೆ. ದೇಹ ಅದನ್ನು ಒಡೆದಾಗ ಮೆಫೆಂಟರ್ಮಿನ್ನೂ ಅದರಿಂದ ಫೆಂಟರ್ಮಿನ್ನೂ ಮೂತ್ರಕ್ಕೆ ಇಳಿಯುತ್ತವೆಂದು ಪ್ರಕಟವಾದ ಅಧ್ಯಯನಗಳು ತೋರಿಸಿವೆ. ಅಂದರೆ ಸಂಜೆ ನಾಲ್ಕು ಪ್ಲೇಟು ಮಿರ್ಚಿ ಗಿರಮಿಟ್ ತಿಂದು, ರಾತ್ರಿ ಎದೆ ಉರಿಯೆಂದು ಎರಡು ಚಮಚೆ ಜೆಲ್ ಕುಡಿದು ಮಲಗಿದ ಪೈಲ್ವಾನನೂ ಮರುದಿನದ ಮಾದರಿಯಲ್ಲಿ ಸಿಕ್ಕಿಬೀಳಬಹುದು. ಚುಚ್ಚಿಕೊಂಡವನು ಇದನ್ನು ನೆಪ ಮಾಡಿಕೊಳ್ಳಲು ಬರುವುದಿಲ್ಲ, ಏಕೆಂದರೆ ಜೆಲ್ ಕುಡಿದವನ ಮೂತ್ರದಲ್ಲಿ ಆಕ್ಸೆಟಕೇನಿನ ಬೇರೆ ತುಂಡುಗಳೂ ಇರುತ್ತವೆ, ಹುಡುಕಿದರೆ ಸಿಗುತ್ತವೆ. ಆದರೆ ಹುಡುಕಬೇಕೆಂದು ಯಾರಾದರೂ ಹೇಳಬೇಕು. ಆದ್ದರಿಂದ ಕುಸ್ತಿಯ ಹುಡುಗರು ಜೆಲ್ಲಿನ ಚೀಟಿಯನ್ನೂ ಓದಲಿ, ವೈದ್ಯರಿಗೆ ತಾನು ಸ್ಪರ್ಧೆಗೆ ಹೋಗುವವನೆಂದು ಮೊದಲೇ ಹೇಳಲಿ.

ಉತ್ತರ 6: ಫಾರ್ಮಕಾಲಜಿ ಪಾಠದವರು, ಹುಬ್ಬಳ್ಳಿ

ಹಾವೇರಿಯವರು ಹೇಳಿದ್ದು ಸರಿ, ನಾನು ಮರೆತಿದ್ದೆ. ಮಾಸ್ತರರೇ, ಬಿಡಲಾಗದೆ ಒದ್ದಾಡುತ್ತಿರುವವನು ಯಾರಾದರೂ ಇದ್ದರೆ ಅವನನ್ನು ನಿಮ್ಮೂರಿನ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿರಿ. ಔಷಧ ನಿಂತ ಮೊದಲ ದಿನಗಳಲ್ಲಿ ಅತಿ ನಿದ್ದೆ, ಮಂಕು, ಬೇಸರ ಬರುತ್ತವೆ. ಅದನ್ನು ಸೋಮಾರಿತನವೆಂದು ಬೈಯಬೇಡಿರಿ. ಮುಖ ತೋರಿಸಲು ನಾಚುವವನು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಅಥವಾ ವ್ಯಸನಮುಕ್ತಿಯ 14446ಕ್ಕೆ ಕರೆಮಾಡಲಿ, ಎರಡಕ್ಕೂ ದುಡ್ಡು ಬೀಳುವುದಿಲ್ಲ.

ತಾಲೀಮು ಮಾಸ್ತರ, ಧಾರವಾಡ

ನಿನ್ನೆ ಸಂಜೆ ಹುಡುಗರನ್ನು ಕೂಡಿಸಿ ಇದನ್ನೆಲ್ಲ ಹೇಳಿದೆ. ಕಲಮುಗಳ ಮಾತಿಗೆ ಅವರು ತಲೆ ಅಲ್ಲಾಡಿಸಿದರು ಅಷ್ಟೇ. ಒಂದೇ ಸೀಸೆಗೆ ಹಲವು ಸೂಜಿಯ ಮಾತು ಬಂದಾಗ ಮಾತ್ರ ಮೂವರ ಮುಖ ಬಾಡಿತು. ಅವರನ್ನು ನಾಳೆ ರಕ್ತಪರೀಕ್ಷೆಗೆ ನಾನೇ ಕರೆದುಕೊಂಡು ಹೋಗುತ್ತಿದ್ದೇನೆ. ಸೀಸೆ ಕಾಗದದಲ್ಲಿ ಸುತ್ತಿ ನನ್ನ ಹತ್ತಿರ ಇದೆ, ಬ್ಯಾಚ್ ಸಂಖ್ಯೆ ಓದಲು ಬರುವಂತಿದೆ. ಔಷಧ ನಿರೀಕ್ಷಕರಿಗೆ ಅರ್ಜಿ ಬರೆದಿದ್ದೇನೆ. ರಾಜ್ಯಮಟ್ಟಕ್ಕೆ ಹೋಗುವ ಇಬ್ಬರಲ್ಲಿ ಒಬ್ಬನ ಚೀಲದಲ್ಲಿ ಸೂಜಿ ಇರಲಿಲ್ಲ, ಗುಲಾಬಿ ಜೆಲ್ಲಿನ ಬಾಟಲಿ ಇತ್ತು. ಚೀಟಿಯಲ್ಲಿ ಆಕ್ಸೆಟಕೇನ್ ಎಂದೇ ಬರೆದಿದೆ. ಅವನ ಸ್ಪರ್ಧೆಗೆ ಇನ್ನು ಒಂಬತ್ತು ದಿನವಿದೆ. ಬೇರೆ ಯಾವ ಔಷಧ ಕೊಡಬೇಕೆಂದು ವೈದ್ಯರನ್ನು ಕೇಳಲು ಅವನ ತಂದೆಯವರಿಗೆ ಹೇಳಿ ಕಳಿಸಿದ್ದೇನೆ.